ತಲೆ ಎಣಿಸಿದ ಕಾನೂನು: ವಿಯೆಟ್ನಾಂನ ಹೆಲ್ಮೆಟ್ ಪ್ರಕರಣ

2006ರ ಡಿಸೆಂಬರ್ ಮೊದಲ ವಾರ. ಹನೋಯ್‌ನಲ್ಲಿ ಗಣಿತ ಬೋಧನೆಯ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಅಮೆರಿಕದಿಂದ ಸೆಮೂರ್ ಪೇಪರ್ಟ್ ಬಂದಿದ್ದರು. ಎಂಐಟಿಯ ಹೆಸರಾಂತ ಪ್ರಾಧ್ಯಾಪಕ, ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಲೋಗೋ ಭಾಷೆ ಕಟ್ಟಿದವರಲ್ಲಿ ಒಬ್ಬರು. ಆಗ ಅವರಿಗೆ 78 ವರ್ಷ. ಹನೋಯ್ ಬೀದಿಯ ಬೈಕ್‌ಗಳನ್ನು ನೋಡಿ ಅವರಿಗೆ ಕುತೂಹಲ. ಯಾರೂ ಕೈ ತೋರಿಸದೆ, ಸಿಗ್ನಲ್ ಇಲ್ಲದೆ, ಸಾವಿರಾರು ಬೈಕ್‌ಗಳು ಒಂದಕ್ಕೊಂದು ಜಾಗ ಬಿಟ್ಟುಕೊಂಡು ಹೇಗೆ ಹರಿಯುತ್ತವೆ? ಇದನ್ನು ಗಣಿತದ ಲೆಕ್ಕಕ್ಕೆ ತರೋಕೆ ಆಗುತ್ತಾ? ಜೊತೆಗಿದ್ದ ಸಹೋದ್ಯೋಗಿಯ ಹತ್ತಿರ ಇದೇ ಮಾತು. ರಸ್ತೆ ದಾಟುವಾಗ ಅವೇ ಬೈಕ್‌ಗಳಲ್ಲಿ ಒಂದು ಅವರಿಗೆ ಗುದ್ದಿತು. ಮಿದುಳಿಗೆ ಜೋರು ಪೆಟ್ಟಾಯಿತು. ಜೀವ ಉಳಿಯಿತು. ಆದರೆ ಮೊದಲಿನಂತೆ ಕೆಲಸ ಮಾಡಲು ಆಗಲೇ ಇಲ್ಲ.

ಇದಾಗಿ ಕೆಲವೇ ದಿನಕ್ಕೆ ಅದೇ ಊರಿನಲ್ಲಿ ವಿಜ್ಞಾನಿ ನ್ಗುಯೆನ್ ವಾನ್ ದಾವ್ ಬೈಕ್ ಡಿಕ್ಕಿಯಿಂದ ತೀರಿಕೊಂಡರು. ಹನೋಯ್‌ನ ರಾಷ್ಟ್ರೀಯ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು ಅವರು. ಒಬ್ಬ ವಿದೇಶಿ ಅತಿಥಿ, ಒಬ್ಬ ಮನೆಯ ಹಿರಿಯ. ಪತ್ರಿಕೆಗಳು ಸುಮ್ಮನಿರಲಿಲ್ಲ.

ಆ ಹೊತ್ತಿಗೆ ವಿಯೆಟ್ನಾಂನ ರಸ್ತೆಗಳಲ್ಲಿ ದಿನಕ್ಕೆ ಮೂವತ್ತಕ್ಕೂ ಜಾಸ್ತಿ ಜನ ಸಾಯುತ್ತಿದ್ದರು. 2007ರಲ್ಲಿ ಪೊಲೀಸ್ ಲೆಕ್ಕದ ಪ್ರಕಾರವೇ ವರ್ಷದ ಸಾವು 13 ಸಾವಿರ ದಾಟಿತು. ಅವರಲ್ಲಿ ಯಾರ ಹೆಸರೂ ಮುಖಪುಟಕ್ಕೆ ಬಂದಿರಲಿಲ್ಲ.

ಇನ್ನೊಂದು ವಿಚಿತ್ರ ಗಮನಿಸಿ. ಪೇಪರ್ಟ್ ನಡೆದುಕೊಂಡು ಹೋಗುತ್ತಿದ್ದವರು. ಹೆಲ್ಮೆಟ್ ಕಾನೂನು ಇದ್ದಿದ್ದರೂ ಅವರಿಗೆ ಏನೂ ಉಪಯೋಗ ಆಗುತ್ತಿರಲಿಲ್ಲ. ಆದರೂ ಆ ಎರಡು ಅಪಘಾತಗಳು ಎಬ್ಬಿಸಿದ ಗದ್ದಲದ ಒಂದು ಫಲ ಹೆಲ್ಮೆಟ್ ಕಾನೂನೇ.

ದೇಶವೇ ಎರಡು ಚಕ್ರದ ಮೇಲೆ

1986ರಲ್ಲಿ ವಿಯೆಟ್ನಾಂ 'ದೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆ ಶುರುಮಾಡಿತು. ಅಲ್ಲಿಯವರೆಗೆ ಅದು ಸೈಕಲ್‌ಗಳ ದೇಶ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಸೈಕಲ್ ಜಾಗಕ್ಕೆ ಬೈಕ್ ಬಂತು. 2000ದ ಆಸುಪಾಸು ಚೀನಾದಿಂದ ಅಗ್ಗದ ಬೈಕ್‌ಗಳು ಬಂದ ಮೇಲಂತೂ ತಡೆಯೇ ಇರಲಿಲ್ಲ. 2007ಕ್ಕೆ 2 ಕೋಟಿಗೂ ಹೆಚ್ಚು ಬೈಕ್‌ಗಳು. ನೋಂದಣಿಯಾದ ಪ್ರತಿ 100 ಮೋಟಾರು ವಾಹನಗಳಲ್ಲಿ ಸುಮಾರು 95 ಎರಡು ಚಕ್ರದವೇ. ಗಂಡ, ಹೆಂಡತಿ, ನಡುವೆ ಮಗು, ಮುಂದೆ ನಿಂತುಕೊಂಡ ಇನ್ನೊಂದು ಮಗು, ಹಿಂದೆ ಕಟ್ಟಿದ ಗಂಟು. ಒಂದು ಸಂಸಾರಕ್ಕೆ ಒಂದು ಬೈಕ್.

ಹೆಲ್ಮೆಟ್ ನಿಯಮ ಅದಕ್ಕೂ ಮೊದಲೇ ಇತ್ತು. ಆದರೆ ಕೆಲವು ರಸ್ತೆಗಳಿಗೆ ಮಾತ್ರ. ಊರೊಳಗೆ ಬೇಕಿಲ್ಲ, ಹೊರಗಿನ ಇಂಥಿಂಥ ರಸ್ತೆಯಲ್ಲಿ ಬೇಕು. ನಿಯಮ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಸವಾರನಿಗೂ ಗೊತ್ತಿಲ್ಲ, ಪೊಲೀಸನಿಗೂ ನಿಖರವಾಗಿ ಗೊತ್ತಿಲ್ಲ. ದಂಡವೋ ತೀರಾ ಪುಡಿಗಾಸು. ಈ ಶತಮಾನದ ಆರಂಭದಲ್ಲಿ ಒಮ್ಮೆ ಬಿಗಿ ಮಾಡಲು ಹೊರಟು ಸರ್ಕಾರ ಕೈಚೆಲ್ಲಿತ್ತು.

ಜನ ಹೆಲ್ಮೆಟ್‌ಗೆ ಇಟ್ಟ ಅಡ್ಡಹೆಸರು 'ನೋಯ್ ಕೊಮ್ ದಿಯೆನ್'. ಅಂದರೆ ಕರೆಂಟಿನ ಅನ್ನದ ಕುಕ್ಕರ್! ತಲೆ ಮೇಲೆ ಕುಕ್ಕರ್ ಇಟ್ಟುಕೊಂಡು ಯಾರು ಓಡಾಡುತ್ತಾರೆ ಹೇಳಿ. ಸೆಕೆ, ಬೆವರು, ಕೂದಲು ಕೆಡುತ್ತದೆ, ಹಾರ್ನ್ ಕೇಳಿಸುವುದಿಲ್ಲ, ಇಳಿದ ಮೇಲೆ ಎಲ್ಲಿಡೋದು, ಇಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ನೆಪಗಳ ಪಟ್ಟಿ ಉದ್ದ ಇತ್ತು. ಎಲ್ಲವೂ ಸುಳ್ಳು ನೆಪಗಳಾಗಿರಲಿಲ್ಲ. ಸೆಕೆ ನಿಜವೇ. ಇದನ್ನು ಅರ್ಥಮಾಡಿಕೊಂಡ ಏಷ್ಯಾ ಇಂಜುರಿ ಪ್ರಿವೆನ್ಷನ್ ಫೌಂಡೇಷನ್ ಎಂಬ ಸಂಸ್ಥೆ 2002ರಲ್ಲಿ ಹನೋಯ್ ಹತ್ತಿರ ಪ್ರೊಟೆಕ್ ಎಂಬ ಹೆಲ್ಮೆಟ್ ಕಾರ್ಖಾನೆ ತೆರೆದಿತ್ತು. ಬಿಸಿಲು ನಾಡಿಗೆ ಹೊಂದುವ, ಗಾಳಿಯಾಡುವ, ಹಗುರ ಹೆಲ್ಮೆಟ್‌ಗಳು. ಕೆಲಸಗಾರರಲ್ಲಿ ಅಂಗವಿಕಲರು ಬಹಳ ಜನ. ಕಾನೂನು ಬರುವ ಐದು ವರ್ಷ ಮೊದಲೇ ಹಾಕಿಕೊಳ್ಳಬಹುದಾದ ಸರಕು ಸಿದ್ಧವಿತ್ತು ಅನ್ನೋದು ಸಣ್ಣ ವಿಷಯವೇನಲ್ಲ.

ಒಂದು ಶನಿವಾರ ಬೆಳಗ್ಗೆ

2007ರ ಜೂನ್ 29ರಂದು ಸರ್ಕಾರ 32ನೇ ನಿರ್ಣಯ ಹೊರಡಿಸಿತು. ಆಗ ನ್ಗುಯೆನ್ ತಾನ್ ಜುಂಗ್ ಪ್ರಧಾನಿ. ನಿರ್ಣಯದಲ್ಲಿ ಹೆಲ್ಮೆಟ್‌ಗೆ ಎರಡು ದಿನಾಂಕ ಇದ್ದವು. ಸೆಪ್ಟೆಂಬರ್ 15ರಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಡ್ಡಾಯ. ಸರ್ಕಾರಿ ನೌಕರರು, ಸೇನೆಯವರು ಮೊದಲೇ ಹಾಕಿಕೊಂಡು ಮಾದರಿಯಾಗಬೇಕು. ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿ, ಓಡಿಸುವವರಿಗೂ ಹಿಂದೆ ಕೂರುವವರಿಗೂ ಕಡ್ಡಾಯ. ದಂಡ 1 ಲಕ್ಷದಿಂದ 2 ಲಕ್ಷ ಡಾಂಗ್. ಆಗಿನ ಲೆಕ್ಕದಲ್ಲಿ ಸುಮಾರು 6ರಿಂದ 12 ಡಾಲರ್. ಹೆಚ್ಚುಕಮ್ಮಿ ಒಂದು ಹೆಲ್ಮೆಟ್‌ನ ಬೆಲೆ. ಒಂದು ಸಲ ಸಿಕ್ಕಿಬಿದ್ದರೆ ಹೆಲ್ಮೆಟ್ ಕೊಳ್ಳುವ ದುಡ್ಡು ಹೋಯಿತು ಎಂದು ಎಂಥವರಿಗೂ ಲೆಕ್ಕ ಹಾಕಲು ಬರುತ್ತದೆ ಅಲ್ವಾ?

ನಡುವಿನ ತಿಂಗಳುಗಳಲ್ಲಿ ಪ್ರಚಾರ ಜೋರಾಗಿ ನಡೆಯಿತು. 'ನೆಪ ಸಾಕು, ಹೆಲ್ಮೆಟ್ ಹಾಕಿ' ಎಂಬ ಧಾಟಿಯ ಜಾಹೀರಾತುಗಳು. ಕೂದಲು ಕೆಡುತ್ತದೆ ಅಂದವಳು, ಹತ್ತಿರಕ್ಕೇ ಹೋಗೋದಲ್ವಾ ಅಂದವನು ಕೊನೆಗೆ ಏನಾದರು ಎಂದು ತೋರಿಸುವಂಥವು. ಡಿಸೆಂಬರ್ ಹತ್ತಿರವಾದಂತೆ ಅಂಗಡಿಗಳಲ್ಲಿ ನೂಕುನುಗ್ಗಲು. ದಾಸ್ತಾನು ಖಾಲಿ, ಬೆಲೆ ಏರಿಕೆ.

ಡಿಸೆಂಬರ್ 15 ಶನಿವಾರ. ಆ ಬೆಳಗ್ಗೆ ರಸ್ತೆ ನೋಡಿದವರಿಗೆ ಊರೇ ಬದಲಾದಂತೆ ಕಂಡಿತು. ಹಿಂದಿನ ದಿನದವರೆಗೆ ಕಪ್ಪು ಕೂದಲಿನ ಹೊಳೆ. ಈಗ ಕೆಂಪು, ನೀಲಿ, ಬಿಳಿ ಗುಂಡುಗಳ ಹೊಳೆ. ಯೆನ್ ಬಾಯ್, ದಾ ನಾಂಗ್, ಬಿನ್ ಜುವೊಂಗ್ ಎಂಬ ಮೂರು ಕಡೆ ರಸ್ತೆ ಬದಿ ನಿಂತು ಎಣಿಸಿದವರ ಲೆಕ್ಕದಲ್ಲಿ ಹೆಲ್ಮೆಟ್ ಹಾಕುವವರು ಸರಾಸರಿ 40%ರಿಂದ 93%ಗೆ ಏರಿದರು. ಜಗತ್ತಿನ ರಸ್ತೆ ಸುರಕ್ಷತೆಯ ಇತಿಹಾಸದಲ್ಲಿ ಇಷ್ಟು ದೊಡ್ಡ ಬದಲಾವಣೆ ಇಷ್ಟು ಬೇಗ ಆದದ್ದು ಅಪರೂಪ.

ಒಂದೇ ಪಕ್ಷದ ಆಡಳಿತ ಇರುವ ದೇಶ, ಮೇಲಿನವರು ಹೇಳಿದರೆ ಕೆಳಗಿನವರು ಕೇಳುತ್ತಾರೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಲವೇ ವರ್ಷ ಹಿಂದೆ ಕೈಚೆಲ್ಲಿದ್ದೂ ಅದೇ ಪಕ್ಷ, ಅದೇ ಪೊಲೀಸರು. ಈ ಸಲ ಬದಲಾದದ್ದು ನಿಯಮದ ಆಕಾರ. ಯಾವ ರಸ್ತೆ ಎಂಬ ವಾದಕ್ಕೆ ಜಾಗವೇ ಇರಲಿಲ್ಲ. ನೂರು ಮೀಟರ್ ದೂರದಿಂದಲೇ ತಪ್ಪು ಕಾಣುತ್ತಿತ್ತು. ಅಳತೆ ಬೇಡ, ಯಂತ್ರ ಬೇಡ, ಸಾಕ್ಷಿ ಬೇಡ.

ಅದೇ 32ನೇ ನಿರ್ಣಯದಲ್ಲಿ ಇನ್ನೊಂದು ಮಾತೂ ಇತ್ತು. ಜನ ತಾವೇ ಜೋಡಿಸಿಕೊಂಡ ಮೂರು ಚಕ್ರದ ಸಾಮಾನು ಗಾಡಿಗಳು 2008ರ ಜನವರಿ 1ರಿಂದ ರಸ್ತೆಗೆ ಇಳಿಯಬಾರದು ಎಂದು. ಅದು ಹೆಲ್ಮೆಟ್‌ನಷ್ಟು ಸಲೀಸಾಗಿ ನಡೆಯಲಿಲ್ಲ. ವರ್ಷಗಳ ನಂತರವೂ ಅಂಥ ಗಾಡಿಗಳು ಊರಲ್ಲಿ ಓಡುತ್ತಲೇ ಇದ್ದವು. ಹೆಲ್ಮೆಟ್ ಕೇಳಿದ್ದು ಒಂದು ಸಲದ ಖರ್ಚು. ಇದು ಕೇಳಿದ್ದು ಹೊಟ್ಟೆಪಾಡು.

ಲೆಕ್ಕ ಕೂಡದ ಜಾಗ

ಈಗ ಫಲಿತಾಂಶಕ್ಕೆ ಬರೋಣ. ಕಾನೂನಿಗೆ ಮೊದಲಿನ ಮೂರು ತಿಂಗಳು, ನಂತರದ ಮೂರು ತಿಂಗಳು ಹೋಲಿಸಿ 20 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಯಿತು. ರಸ್ತೆ ಅಪಘಾತದಿಂದ ದಾಖಲಾದವರಲ್ಲಿ ತಲೆಗೆ ಪೆಟ್ಟು ಬಿದ್ದಿರುವ ಅಪಾಯ 16% ಇಳಿದಿತ್ತು. ಸಾಯುವ ಅಪಾಯ 18% ಇಳಿದಿತ್ತು. ಪೊಲೀಸ್ ಲೆಕ್ಕದಲ್ಲೂ 2007ರ 13 ಸಾವಿರ ಚಿಲ್ಲರೆ ಸಾವುಗಳು 2008ರಲ್ಲಿ ಸುಮಾರು 11,600ಕ್ಕೆ ಇಳಿದವು. ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಜೀವ. ಒಳ್ಳೆಯ ಸುದ್ದಿ, ಅನುಮಾನವೇ ಇಲ್ಲ.

ಆದರೆ ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಿ. ಬೇರೆ ಬೇರೆ ದೇಶಗಳ ಅಧ್ಯಯನ ಒಟ್ಟು ಹಾಕಿ ತಜ್ಞರು ಒಪ್ಪಿಕೊಂಡ ಸಂಖ್ಯೆ ಇದೆ. ಅಪಘಾತವಾದಾಗ ಹೆಲ್ಮೆಟ್ ಬೈಕ್ ಸವಾರನ ಸಾವಿನ ಅಪಾಯವನ್ನು ಸುಮಾರು 42%, ತಲೆ ಪೆಟ್ಟಿನ ಅಪಾಯವನ್ನು ಸುಮಾರು 69% ಇಳಿಸುತ್ತದೆ. ಯಾರೂ ಹೆಲ್ಮೆಟ್ ಹಾಕದಿದ್ದರೆ 100 ಜನ ತಲೆಗೆ ಪೆಟ್ಟು ತಿನ್ನುತ್ತಿದ್ದರು ಅಂದುಕೊಳ್ಳಿ. 40% ಜನ ಹಾಕಿದಾಗ ಅದು 72ಕ್ಕೆ ಇಳಿಯಬೇಕು. 93% ಹಾಕಿದಾಗ 36ಕ್ಕೆ. ಅಂದರೆ ಡಿಸೆಂಬರ್ 15ರ ನಂತರ ತಲೆ ಪೆಟ್ಟು ಅರ್ಧಕ್ಕೆ ಇಳಿಯಬೇಕಿತ್ತು. ಸಾವಿಗೂ ಇದೇ ಲೆಕ್ಕ ಹಾಕಿದರೆ ಸುಮಾರು 27% ಇಳಿಕೆ ಬರಬೇಕು. ಬಂದದ್ದು 16% ಮತ್ತು 18%.

ಇದು ನನ್ನ ಒರಟು ಲೆಕ್ಕ, ಒಪ್ಪುತ್ತೇನೆ. ಆಸ್ಪತ್ರೆಗೆ ಬಂದವರಲ್ಲಿ ಪಾದಚಾರಿಗಳೂ ಸೈಕಲ್‌ನವರೂ ಇರುತ್ತಾರೆ. ಅವರಿಗೆ ಹೆಲ್ಮೆಟ್ ಕಾನೂನಿನಿಂದ ಏನೂ ಆಗದು. ಮೂರು ಊರಿನ ಎಣಿಕೆ ಇಡೀ ದೇಶದ ಎಣಿಕೆಯೂ ಅಲ್ಲ. ಇಷ್ಟೆಲ್ಲಾ ಬಿಟ್ಟುಕೊಟ್ಟರೂ 50ಕ್ಕೂ 16ಕ್ಕೂ ಅಂತರ ದೊಡ್ಡದು. ತಲೆ ಮೇಲೆ ಹೆಲ್ಮೆಟ್ ಕಂಡಿತು. ತಲೆಗೆ ಅದರ ಪೂರಾ ಉಪಯೋಗ ಸಿಗಲಿಲ್ಲ. ಎಲ್ಲಿ ಸೋರಿತು?

ಪಟ್ಟಿ, ಥರ್ಮಾಕೋಲ್, ಮಗು

ಮೊದಲ ಸೋರಿಕೆ ಗದ್ದದ ಕೆಳಗೆ. ಹೆಲ್ಮೆಟ್ 'ಹಾಕಬೇಕು' ಎಂದಿತ್ತು ನಿಯಮ. ಪಟ್ಟಿ ಬಿಗಿಯಬೇಕು ಎಂದು ಶುರುವಿನಲ್ಲಿ ಸ್ಪಷ್ಟವಾಗಿ ಹೇಳಿರಲಿಲ್ಲ. ಜನ ಪಟ್ಟಿ ಇಳಿಬಿಟ್ಟುಕೊಂಡೇ ಓಡಾಡಿದರು. ಕೆಲವರು ಪೊಲೀಸ್ ಕಂಡಾಗ ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಳ್ಳುತ್ತಿದ್ದರು. ಬೈಕ್ ಗುದ್ದಿದಾಗ ಮೊದಲು ಹಾರುವುದು ಹೆಲ್ಮೆಟ್, ಆಮೇಲೆ ನೆಲಕ್ಕೆ ಬಡಿಯುವುದು ತಲೆ. 2010ರ ದಂಡದ ಆದೇಶದ ಹೊತ್ತಿಗೆ ಪಟ್ಟಿ ಸರಿಯಾಗಿ ಬಿಗಿಯದವರಿಗೂ ಅಷ್ಟೇ ದಂಡ ಎಂದು ಬರೆದರು. ಆ ಒಂದು ವಾಕ್ಯ ಮೊದಲ ದಿನವೇ ಇರಬೇಕಿತ್ತು.

ಎರಡನೆಯದು ಹೆಲ್ಮೆಟ್‌ನ ಒಳಗೆ. ಒಂದು ಒಳ್ಳೆಯ ಹೆಲ್ಮೆಟ್ ತಿರುಗಿಸಿ ನೋಡಿ. ಮೆತ್ತನೆಯ ಬಟ್ಟೆ ಸರಿಸಿದರೆ ಕೆಳಗೆ ಗಟ್ಟಿ ಥರ್ಮಾಕೋಲ್‌ನಂಥ ಪದರ, ಒಂದು ಬೆರಳಿನ ದಪ್ಪ ಅಥವಾ ಅದಕ್ಕಿಂತ ಜಾಸ್ತಿ. ಕೆಲಸ ಮಾಡುವುದು ಅದೇ. ಹೊರಗಿನ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ಪದರ ನುಜ್ಜಾಗುತ್ತದೆ. ನುಜ್ಜಾಗಲು ಹಿಡಿಯುವ ಆ ಕೆಲವು ಮಿಲಿಸೆಕೆಂಡುಗಳಲ್ಲಿ ತಲೆ ಏಕಾಏಕಿ ನಿಲ್ಲುವ ಬದಲು ಕೊಂಚ ನಿಧಾನವಾಗಿ ನಿಲ್ಲುತ್ತದೆ. ತಲೆಬುರುಡೆಯೊಳಗೆ ಮಿದುಳು ಬಡಿದುಕೊಳ್ಳುವ ಜೋರು ಕಡಿಮೆಯಾಗುತ್ತದೆ. ನುಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ, ಅದಕ್ಕೇ ಒಮ್ಮೆ ಬಿದ್ದ ಹೆಲ್ಮೆಟ್ ಬಿಸಾಡಬೇಕು.

ಹನೋಯ್, ಹೋ ಚಿ ಮಿನ್ ನಗರದ ರಸ್ತೆ ಬದಿಗಳಲ್ಲಿ ರಾಶಿ ಹಾಕಿ ಮಾರಿದ 'ಫ್ಯಾಷನ್ ಟೋಪಿ'ಗಳಲ್ಲಿ ಈ ಪದರವೇ ಇರುತ್ತಿರಲಿಲ್ಲ. ಇದ್ದರೂ ಕಾಗದದಷ್ಟು. ಕ್ರಿಕೆಟ್ ಟೋಪಿಯ ಹಾಗೆ ಮುಂದೆ ಚುಂಚು, ಮೇಲೆ ಹೂವಿನ ಬಟ್ಟೆ, ಒಳಗೆ ತೆಳು ಪ್ಲಾಸ್ಟಿಕ್. ಬೆಲೆ ಕೆಲವು ಹತ್ತು ಸಾವಿರ ಡಾಂಗ್. ದಂಡಕ್ಕಿಂತ ಎಷ್ಟೋ ಕಡಿಮೆ. ಸವಾರನಿಗೆ ಬೇಕಾಗಿದ್ದದ್ದು ಪೊಲೀಸನಿಂದ ರಕ್ಷಣೆ. ಆ ಕೆಲಸಕ್ಕೆ ಈ ಟೋಪಿ ಧಾರಾಳವಾಗಿ ಸಾಕಿತ್ತು. ಸಂತೆಯಿಂದ ತಂದ ಹೆಲ್ಮೆಟ್‌ಗಳನ್ನು ಪರೀಕ್ಷೆಗೆ ಹಾಕಿದಾಗ ದೊಡ್ಡ ಪಾಲು ಫೇಲಾದವು. (ಎಲ್ಲ ಜಾಣತನವೂ ಕೆಟ್ಟದ್ದೇನಲ್ಲ. ಜಡೆ ಹೊರಗೆ ಬಿಡಲು ಹಿಂದೆ ಕಚ್ಚು ಕೊಟ್ಟ ಹೆಲ್ಮೆಟ್ ಅಲ್ಲೇ ಬಂತು. ಕೂದಲಿನ ನೆಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಾ?)

ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಹೆಲ್ಮೆಟ್‌ಗೆ ರಾಷ್ಟ್ರೀಯ ಮಾನದಂಡ ಇತ್ತು, ಪಾಸಾದದ್ದಕ್ಕೆ 'ಸಿಆರ್' ಮುದ್ರೆ ಕಡ್ಡಾಯ ಮಾಡಿತು. ಮುದ್ರೆಯ ಸ್ಟಿಕರ್ ನಕಲಿ ಮಾಡುವುದು ಹೆಲ್ಮೆಟ್ ಮಾಡುವುದಕ್ಕಿಂತ ಸುಲಭ. 2013ರಲ್ಲಿ ಹಲವು ಸಚಿವಾಲಯಗಳು ಸೇರಿ ಸುತ್ತೋಲೆ ಹೊರಡಿಸಿ, ಕಳಪೆ ಹೆಲ್ಮೆಟ್ ಹಾಕಿದ ಸವಾರರ ಮೇಲೂ ಕ್ರಮಕ್ಕೆ ಹೊರಟವು. ತಕ್ಷಣ ಜನ ಕೇಳಿದರು: ರಸ್ತೆಯಲ್ಲಿ ನಿಂತ ಪೊಲೀಸ್ ಪೇದೆ ನನ್ನ ಹೆಲ್ಮೆಟ್ ನಕಲಿ ಎಂದು ಹೇಗೆ ಹೇಳುತ್ತಾನೆ? ಸುತ್ತಿಗೆಯಿಂದ ಒಡೆದು ನೋಡುತ್ತಾನಾ? ದುಡ್ಡು ಕೊಟ್ಟು ಅಂಗಡಿಯಲ್ಲಿ ಕೊಂಡವನು ನಾನು, ಮಾರಿದವನನ್ನು ಹಿಡಿಯೋದು ಬಿಟ್ಟು ನನ್ನನ್ನೇಕೆ? ನ್ಯಾಯದ ಪ್ರಶ್ನೆಯೇ. ಸವಾರನಿಗೆ ದಂಡ ಹಾಕುವ ಮಾತು ಮೊದಲಿನ ಬಿರುಸು ಕಳೆದುಕೊಂಡಿತು. ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲೇ ಇದೆ. 2007ರಲ್ಲಿ ಯಾವ ಗುಣ ಕಾನೂನನ್ನು ಗೆಲ್ಲಿಸಿತೋ, ದೂರದಿಂದ ನೋಡಿದರೆ ಸಾಕು ಎಂಬ ಆ ಗುಣವೇ ಅದರ ಮಿತಿಯೂ ಆಯಿತು. ಪೊಲೀಸನ ಕಣ್ಣಿಗೆ ಬೀಳುವಷ್ಟನ್ನು ಜನ ಪಾಲಿಸಿದರು. ಅಷ್ಟೇ ಪಾಲಿಸಿದರು. ಕಾಣದ ಪದರದ ಹೊಣೆ ಕಾರ್ಖಾನೆಯಲ್ಲಿ, ಗಡಿಯಲ್ಲಿ, ಸಗಟು ಅಂಗಡಿಯಲ್ಲಿ ಹಿಡಿಯಬೇಕಾದದ್ದು. ಅದನ್ನು ಕೊನೆಯ ಕೊಂಡಿಯಾದ ಸವಾರನ ತಲೆಗೆ ಕಟ್ಟಲು ನೋಡಿದರು.

ಮೂರನೆಯದು ಮಗು. ಇಲ್ಲಿ ಕೊಂಚ ಹೊತ್ತು ನಿಲ್ಲಬೇಕು.

ವಿಯೆಟ್ನಾಂನಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ದಂಡ ಹಾಕುವಂತಿಲ್ಲ. ಸರಿಯಾದದ್ದೇ. ಆದರೆ ಮಗುವನ್ನು ಕೂರಿಸಿಕೊಂಡು ಹೋಗುವ ದೊಡ್ಡವರಿಗೆ ದಂಡ ಹಾಕಲು 2007ರ ನಿಯಮದಲ್ಲಿ ದಾರಿ ಇರಲಿಲ್ಲ. ಅದರ ಜೊತೆಗೆ ಒಂದು ಸುದ್ದಿ ಹಬ್ಬಿತು: ಹೆಲ್ಮೆಟ್ ಭಾರಕ್ಕೆ ಮಗುವಿನ ಕತ್ತಿಗೆ ಏಟಾಗುತ್ತದೆ ಎಂದು. 2008ರಲ್ಲಿ ಹನೋಯ್, ಹೋ ಚಿ ಮಿನ್ ನಗರ, ದಾ ನಾಂಗ್, ಕಾನ್ ಥೋಗಳಲ್ಲಿ ನಡೆದ ಎಣಿಕೆ ಓದಿದರೆ ಕರುಳು ಚುರ್ ಅನ್ನುತ್ತದೆ. ದೊಡ್ಡವರಲ್ಲಿ ಹೆಲ್ಮೆಟ್ ಹಾಕಿದವರು 90ರಿಂದ 99%. ಏಳು ವರ್ಷದವರೆಗಿನ ಮಕ್ಕಳಲ್ಲಿ ಊರಿನಿಂದ ಊರಿಗೆ 15ರಿಂದ 53%. ಮಗುವಿಗೆ ಯಾಕೆ ಹಾಕಲ್ಲ ಎಂದು ಕೇಳಿದಾಗ ಹೆಚ್ಚಿನ ಅಪ್ಪ ಅಮ್ಮಂದಿರು ಹೇಳಿದ್ದು ಕತ್ತಿನ ಭಯ.

ಆ ಬೈಕ್ ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪನ ತಲೆಯಲ್ಲಿ ಹೆಲ್ಮೆಟ್. ಅಮ್ಮನ ತಲೆಯಲ್ಲಿ ಹೆಲ್ಮೆಟ್. ಮುಂದೆ ಹ್ಯಾಂಡಲ್ ಹಿಡಿದು ನಿಂತ ಐದು ವರ್ಷದ ಮಗಳ ತಲೆಯಲ್ಲಿ ಹತ್ತಿ ಬಟ್ಟೆಯ ಬಿಸಿಲು ಟೋಪಿ. ಇವರು ಮಗಳ ಮೇಲೆ ಪ್ರೀತಿ ಇಲ್ಲದವರಲ್ಲ. ಪ್ರೀತಿ ಇದ್ದದ್ದಕ್ಕೇ ಕತ್ತಿನ ಮಾತು ನಂಬಿದರು. ಸರ್ಕಾರಕ್ಕೆ ಮಗುವಿನ ಹೆಲ್ಮೆಟ್ ಮುಖ್ಯವಾಗಿದ್ದರೆ ದಂಡ ಇಡುತ್ತಿತ್ತಲ್ವಾ, ಇಟ್ಟಿಲ್ಲ ಅಂದರೆ ಅದರಲ್ಲಿ ಏನೋ ಇದೆ ಎಂದುಕೊಂಡರೆ ಅವರನ್ನು ದೂರುವುದು ಹೇಗೆ? ದಂಡದ ಪಟ್ಟಿಯನ್ನು ಜನ ಆರೋಗ್ಯ ಸಲಹೆಯ ಹಾಗೆ ಓದುತ್ತಾರೆ ಎಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

ವೈದ್ಯರು ಕತ್ತಿನ ಮಾತು ಸುಳ್ಳೆಂದು ಹೇಳಿದರು. ಶಾಲೆಗಳಲ್ಲಿ ಚಿಕ್ಕ ಅಳತೆಯ ಹೆಲ್ಮೆಟ್ ಹಂಚುವ ಕಾರ್ಯಕ್ರಮಗಳು ನಡೆದವು. 2010ರ ಮೇ 20ರಿಂದ ಜಾರಿಗೆ ಬಂದ 34ನೇ ಆದೇಶದಲ್ಲಿ, 6 ವರ್ಷ ತುಂಬಿದ ಮಗುವನ್ನು ಹೆಲ್ಮೆಟ್ ಇಲ್ಲದೆ ಕೂರಿಸಿಕೊಂಡ ದೊಡ್ಡವರಿಗೆ ದಂಡ ಬಂತು.

ಕಣ್ಣಿಗೆ ಕಾಣದ್ದನ್ನು ಕಾಣಿಸುವ ಯಂತ್ರ

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪೊಲೀಸ್ ಲೆಕ್ಕದ ಸಾವು 2012ರಲ್ಲಿ 10 ಸಾವಿರದ ಕೆಳಗೆ ಬಂತು. ಆಸ್ಪತ್ರೆಗಳ ಲೆಕ್ಕ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಇದಕ್ಕಿಂತ ಸಾಕಷ್ಟು ಮೇಲೇ ಇರುತ್ತವೆ. ಯಾಕೆಂದರೆ ಹಳ್ಳಿ ರಸ್ತೆಯಲ್ಲಿ ಬಿದ್ದು, ವಾರದ ನಂತರ ಆಸ್ಪತ್ರೆಯಲ್ಲಿ ಸತ್ತವನು ಎಷ್ಟೋ ಸಲ ಪೊಲೀಸ್ ಕಡತಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಇಳಿಕೆಯ ದಿಕ್ಕು ನಂಬಬಹುದು. ಸಂಖ್ಯೆ ನೋಡುವಾಗ ಸ್ವಲ್ಪ ಹುಷಾರಾಗಿರಬೇಕು.

2020ರ ಜನವರಿ 1ರಿಂದ ಕುಡಿತದ ವಿಷಯಕ್ಕೆ ಬಂದರು. ರಕ್ತದಲ್ಲಿ ಒಂದಿಷ್ಟೂ ಆಲ್ಕೋಹಾಲ್ ಇರಬಾರದು. ಬೈಕ್ ಸವಾರರಿಗೂ ದಂಡ 80 ಲಕ್ಷ ಡಾಂಗ್‌ವರೆಗೆ. ಬಿಯರ್ ಅಂಗಡಿಗಳು ಖಾಲಿ ಹೊಡೆದವು, ಬಿಯರ್ ಕಂಪನಿಗಳ ಮಾರಾಟ ಬಿತ್ತು. ಇಲ್ಲೂ ಅದೇ ಸೂತ್ರ: ಮಿತಿ ಸೊನ್ನೆ, ವಾದಕ್ಕೆ ಜಾಗವಿಲ್ಲ. ಆದರೆ ಈ ಸಲ ಪೊಲೀಸನ ಕೈಯಲ್ಲಿ ಊದುವ ಯಂತ್ರ ಇತ್ತು. ಹೊಟ್ಟೆಯೊಳಗಿನದು ಹೊರಗೆ ಕಾಣುತ್ತಿತ್ತು. ಹೆಲ್ಮೆಟ್‌ನ ಒಳಪದರಕ್ಕೆ ಅಂಥ ಯಂತ್ರ ಇಲ್ಲ. 2025ರ ಜನವರಿ 1ರಿಂದ 168ನೇ ಆದೇಶ ದಂಡಗಳನ್ನು ಇನ್ನೂ ಏರಿಸಿತು. ಬೈಕ್‌ನಲ್ಲಿ ಕೆಂಪು ದೀಪ ದಾಟಿದರೆ 40ರಿಂದ 60 ಲಕ್ಷ ಡಾಂಗ್. ಅದರ ಮುಂದೆ ಹೆಲ್ಮೆಟ್ ಇಲ್ಲದಿದ್ದರೆ ಬೀಳುವ 4ರಿಂದ 6 ಲಕ್ಷ ಈಗ ಪುಡಿಗಾಸಿನಂತೆ ಕಾಣುತ್ತದೆ.

ಹೊಸ ರಸ್ತೆ ಕಾನೂನಿನಲ್ಲಿ ಮಕ್ಕಳಿಗೂ ಒಂದು ಮಾತಿದೆ. 2026ರ ಜುಲೈ 1ರಿಂದ, 10 ವರ್ಷದೊಳಗಿನ, 1.35 ಮೀಟರ್‌ಗಿಂತ ಗಿಡ್ಡ ಇರುವ ಮಗುವನ್ನು ಕಾರಿನಲ್ಲಿ ಚಾಲಕ ಕೂರುವ ಸಾಲಿನಲ್ಲೇ ಕೂರಿಸುವಂತಿಲ್ಲ, ಅದಕ್ಕೆ ತಕ್ಕ ಸುರಕ್ಷಾ ಸೀಟು ಬೇಕು. ಬೈಕ್‌ನ ಹೆಲ್ಮೆಟ್ ದಂಡದ ಸಾಲಿನಲ್ಲಿ ಮಾತ್ರ ಹಳೆಯ ವಿನಾಯಿತಿ ಹಾಗೇ ಉಳಿದಿದೆ: ಆಸ್ಪತ್ರೆಗೆ ತುರ್ತಾಗಿ ಒಯ್ಯುವ ರೋಗಿ, ಮತ್ತು 6 ವರ್ಷದೊಳಗಿನ ಮಗು.